ಮೇಜಿನ ಮೇಲೆ ಅಜ್ಜಿ, ನೆಲದ ಮೇಲೆ ನಾವು

ಡಿಸೆಂಬರ್ ಪೂರ್ತಿ ನಮ್ಮ ಊಟದ ಮೇಜು ಗೇಣುದ್ದದ ಕ್ಲೇ ಅಜ್ಜಿಯೊಬ್ಬಳ ವಶದಲ್ಲಿತ್ತು. ಮಗಳು ಕಾಲೇಜಿಗೆಂದು ಸ್ಟಾಪ್ ಮೋಷನ್ ಕಿರುಚಿತ್ರ ಮಾಡುತ್ತಿದ್ದಳು. ಅಜ್ಜಿ ಇಡ್ಲಿ ಮಾರುತ್ತಾಳೆ, ಅಷ್ಟೇ ಕಥೆ.

ಅನಿಮೇಷನ್ ವಿಷಯದಲ್ಲಿ ನಾನು ಶುದ್ಧ ಹೆಬ್ಬೆಟ್ಟು. "ಎರಡು ನಿಮಿಷದ್ದು ತಾನೇ, ಭಾನುವಾರ ಕೂತು ಮುಗಿಸಮ್ಮ" ಎಂದುಬಿಟ್ಟೆ. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ, ಮತ್ತೆ ಸರಿಸಿ ಇನ್ನೊಂದು. ಸೆಕೆಂಡಿಗೆ 12, ಎರಡು ನಿಮಿಷಕ್ಕೆ 1440 ಎಂದು ಲೆಕ್ಕ ಒಪ್ಪಿಸಿದಳು. ಸಾಲದ್ದಕ್ಕೆ ಇಂಗ್ಲೆಂಡಿನ ನಿಕ್ ಪಾರ್ಕ್ ಕಥೆ ಬೇರೆ. ವಿದ್ಯಾರ್ಥಿಯಾಗಿದ್ದಾಗ, 1982ರಲ್ಲಿ, ಆತ ಶುರು ಮಾಡಿದ 'ಎ ಗ್ರ್ಯಾಂಡ್ ಡೇ ಔಟ್' ತೆರೆಗೆ ಬಂದದ್ದು 1989ರಲ್ಲಂತೆ. ಅದಕ್ಕೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತಂತೆ. ನನಗೆ ಆಸ್ಕರ್ ಕಿವಿಗೇ ಬೀಳಲಿಲ್ಲ. ಏಳು ವರ್ಷ ನೆಲದ ಮೇಲೆ ಊಟಕ್ಕೆ ಕೂತರೆ ಈ ಮಂಡಿಯ ಗತಿಯೇನು?

ಅಜ್ಜಿಯ ಸೆರಗು ಹಾರುತ್ತದೆಂದು ಫ್ಯಾನ್ ಬಂದ್. ಬಿಸಿಲು ಏರಿಳಿದರೆ ಚಿತ್ರ ಮಿಣುಕುತ್ತದೆಂದು ಕಿಟಕಿ ಬಂದ್. ಸೊಳ್ಳೆಗಳಿಗೆ ಸುಗ್ಗಿ. ಆಮೇಲೆ ನನ್ನ ಸರದಿ: "ಅಪ್ಪಾ, ನಿನ್ನ ಬಿಳಿ ಬನಿಯನ್ ಬೆಳಕು ಅಜ್ಜಿ ಮುಖಕ್ಕೆ ಹೊಡೀತಿದೆ. ಕಪ್ಪು ಹಾಕ್ಕೋ."

ಕಪ್ಪು ಷರ್ಟು, ಕಪ್ಪು ಲುಂಗಿಯಲ್ಲೇ ಹಾಲು ತರಲು ಹೋದೆ. ಪಕ್ಕದ ಮನೆಯವರು "ಮಾಲೆ ಹಾಕಿದ್ದೀರಾ ಸ್ವಾಮಿ?" ಎಂದು ಕೈಮುಗಿದರು. ಇಲ್ಲ ಎನ್ನುವಷ್ಟರಲ್ಲಿ ಕಾಲಿಗೇ ಬಿದ್ದರು. ಅಂದಿನಿಂದ ಈರುಳ್ಳಿ ಬಜ್ಜಿ ತಿನ್ನಬೇಕೆಂದರೆ ನಾನು ಮೂರು ಬೀದಿ ದಾಟಿ ಹೋಗಬೇಕಾಯಿತು.

ಒಂದು ರಾತ್ರಿ ಬಜ್ಜಿಯೂ ಇಲ್ಲದ ಹಸಿವು. ಕತ್ತಲಲ್ಲೇ ಕೋಡುಬಳೆ ಡಬ್ಬಿಗೆ ಕೈ ಹಾಕಿದೆ; ಮೊಣಕೈ ತಗುಲಿ ಅಜ್ಜಿ ಮಕಾಡೆ ಬಿದ್ದಳು. ಮೊಬೈಲ್ ಬೆಳಕಲ್ಲಿ ಎತ್ತಿ ನಿಲ್ಲಿಸಿದೆ. ಚಪ್ಪಟೆಯಾಗಿದ್ದ ಕೆನ್ನೆಯನ್ನು ಒತ್ತಿ, ತೀಡಿ, ನನ್ನ ಮಟ್ಟಿಗೆ ಸರಿಮಾಡಿದೆ. ನಿದ್ದೆಗೆಟ್ಟಿದ್ದ ಮಗಳು ಬೆಳಿಗ್ಗೆ ಗಮನಿಸಲಿಲ್ಲ.

ಪ್ರದರ್ಶನದ ದಿನ ಅಜ್ಜಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಳು. ಹತ್ತಿಯ ಹಬೆ ಎಳೆಎಳೆಯಾಗಿ ಮೇಲೆದ್ದಿತು. ನನ್ನ ಗಂಟಲು ಕಟ್ಟಿತು. ಮರುಕ್ಷಣವೇ ಕ್ಲೋಸಪ್: ಅಜ್ಜಿಯ ಕೆನ್ನೆಯ ಮೇಲೆ ಊಟದ ತಟ್ಟೆಯಗಲದ ಹೆಬ್ಬೆಟ್ಟು!

"ನಿಕ್ ಪಾರ್ಕ್ ಗೊಂಬೆಗಳ ಮೇಲೂ ಬೆರಳ ಗುರುತು ಕಾಣುತ್ತೆ. ಕೈಕೆಲಸ ಅನ್ನೋದು ಗೊತ್ತಾಗಲಿ ಅಂತ ಈ ಹುಡುಗಿ ಬೇಕೆಂದೇ ಉಳಿಸಿಕೊಂಡಿದ್ದಾಳೆ" ಎಂದು ಮೇಷ್ಟ್ರು ಹೊಗಳಿದರು. ಮಗಳು ಹೌದೆಂದು ತಲೆಯಾಡಿಸಿದಳು.

ಸರಿಯಾಗಿ ನೋಡಿದರೆ ಆ ಗೆರೆಗಳ ನಡುವೆ ಕೋಡುಬಳೆಯ ಚೂರೊಂದು ಕಾಣುತ್ತದೆ. ನಿಮ್ಮ ಕಣ್ಣಿಗೆ ಬಿದ್ದರೆ, ದಯವಿಟ್ಟು ಅವಳಿಗೆ ಹೇಳಬೇಡಿ.