ಚಕ್ರಪಾಣಿ

ಕೊಪ್ಪ ತಾಲ್ಲೂಕಿನ ನಮ್ಮ ನಾರ್ವೆ ಕಡೆ ಜೀಪು ಇಲ್ಲದ ಮನೆ ಸಿಕ್ಕೀತು, ಜೀಪಿನ ಬಗ್ಗೆ ಅಭಿಪ್ರಾಯ ಇಲ್ಲದ ಮನುಷ್ಯ ಸಿಗಲಾರ. ಒಬ್ಬರಿಗೆ ಎಂಜಿನ್ನಿನ ಹುಚ್ಚು, ಇನ್ನೊಬ್ಬರಿಗೆ ಹುಡ್ಡಿನದು. ಊರಿಗೊಬ್ಬರಿಗೆ ಮಾತ್ರ ಚಕ್ರದ ಹುಚ್ಚು. ಅಂಥವರ ಎದುರು ನೀವು ಹೊಸ ಗಾಡಿ ತಂದು ನಿಲ್ಲಿಸಿದರೆ ಅವರು ನಿಮ್ಮ ಮುಖ ನೋಡುವುದಿಲ್ಲ, ಗಾಡಿಯ ಮುಖವನ್ನೂ ನೋಡುವುದಿಲ್ಲ. ಕುಕ್ಕರುಗಾಲಲ್ಲಿ ಕೂತು ಚಕ್ರದ ನಟ್ಟು ಎಣಿಸುತ್ತಾರೆ. ನಮ್ಮೂರಿನವರ ನಿಜ ಹೆಸರು ಬೇಡ, ಚಕ್ರಪಾಣಿ ಅನ್ನೋಣ. ಆ ವಿಷ್ಣುವಿನ ಕೈಯಲ್ಲಿರುವುದು ಒಂದೇ ಚಕ್ರ. ಇವರಲ್ಲಿ ಕೊಟ್ಟಿಗೆ, ಅಟ್ಟ, ಅಡಿಕೆ ಚಪ್ಪರದ ಅಡಿ ಎಲ್ಲ ಸೇರಿಸಿದರೆ ಹದಿನಾಲ್ಕು, ಸ್ಟೆಪ್ನಿ ಬಿಟ್ಟು.

ಜೀಪು ಅವರ ಅಪ್ಪಯ್ಯನ ಕಾಲದ್ದು. ಮಹೀಂದ್ರಾ ಎಂಎಂ 540, ಪ್ಯೂಜೋ ಡೀಸೆಲ್ ಎಂಜಿನ್ನು, 2112 ಸಿಸಿ. ಅದಕ್ಕೆ ಕಂಪನಿಯೇ ಕೊಟ್ಟದ್ದು ಹದಿನಾರು ಇಂಚಿನ ಡಿಸ್ಕು, ಅದರ ಮೇಲೆ ಬಡಕಲು ಟೈರು: ಸಿಕ್ಸ್ ಹಂಡ್ರೆಡ್ ಸಿಕ್ಸ್ಟೀನ್. 1941ರ ಯುದ್ಧದ ವಿಲ್ಲೀಸ್ ಜೀಪಿಗೂ ಇದೇ ಅಳತೆ. ಮಹೀಂದ್ರಾದವರು 1947ರಲ್ಲಿ ಬೊಂಬಾಯಿಯಲ್ಲಿ ವಿಲ್ಲೀಸ್ ಜೋಡಿಸಲು ಶುರುಮಾಡಿದಾಗ ಈ ಅಳತೆಯೂ ಅದರ ಜೊತೆಗೇ ಬಂತು. ಯುರೋಪಿನ ಕೆಸರಲ್ಲಿ ಫಿರಂಗಿ ಎಳೆದ ಚಕ್ರಕ್ಕೆ ನಾರ್ವೆಯ ಗೊಬ್ಬರದ ಮೂಟೆ ಯಾವ ಲೆಕ್ಕ? ಅಪ್ಪಯ್ಯ ಅದರಲ್ಲೇ ಅಡಿಕೆ ಸಾಗಿಸಿದರು, ಬಾಣಂತಿಯರನ್ನು ಕೊಪ್ಪಕ್ಕೆ ಕರೆದೊಯ್ದರು, ಹೆಣ್ಣುಮಕ್ಕಳ ದಿಬ್ಬಣ ಹೊರಡಿಸಿದರು. ಒಂದು ದಿನವೂ ಚಕ್ರ ಹೇಗೆ ಕಾಣುತ್ತದೆ ಎಂದು ಇಳಿದು ನೋಡಿದವರಲ್ಲ.

ಮಗ ಇಳಿದು ನೋಡಿದರು. ಅಲ್ಲಿಂದ ಶುರು.

"ಮಾರಾಯ, ಆನೆಗೆ ಮೇಕೆ ಕಾಲು ಜೋಡ್ಸಿದ ಹಾಗೆ ಕಾಣ್ತದಲ್ಲ!" ಅಂದವರೇ ಜಾತಕ ಹುಡುಕಲು ಹೊರಟರು. ಜಾತಕ ಅಂದದ್ದು ಸುಮ್ಮನೆ ಅಲ್ಲ. ಜೀಪಿಗೆ ಐದು ನಟ್ಟು, ಅವು ಕೂತಿರುವ ವೃತ್ತದ ಅಡ್ಡಳತೆ ಐದೂವರೆ ಇಂಚು, ಅಂದರೆ 139.7 ಮಿಲಿಮೀಟರು. ಇದು ಕೂಡಿ ಬಂದರೆ ಮಾತ್ರ ಸಂಬಂಧ. ಆದರೆ ಐದು ನಟ್ಟಿನ ಚಕ್ರದಲ್ಲಿ ಯಾವ ನಟ್ಟಿಗೂ ನೇರ ಎದುರಿಗೆ ಇನ್ನೊಂದು ಇರುವುದಿಲ್ಲವಲ್ಲ, ಅಡ್ಡಳತೆ ಹಿಡಿಯುವುದು ಹೇಗೆ? ಚಕ್ರಪಾಣಿಗಳು ಅದಕ್ಕೆ ಉಪಾಯ ಮಾಡಿಕೊಂಡಿದ್ದಾರೆ. ಪಕ್ಕಪಕ್ಕದ ಎರಡು ನಟ್ಟುಗಳ ನಡುಮಧ್ಯಕ್ಕೆ 82 ಮಿಲಿಮೀಟರು ಬಂದರೆ ಕೂಡಿತು ಎಂದೇ ಲೆಕ್ಕ. ಆ ಅಳತೆಗೆ ಕತ್ತರಿಸಿದ ಅಡಿಕೆ ದಬ್ಬೆಯ ಚೂರೊಂದು ಅವರ ಜೇಬಿನಲ್ಲಿ ಎಲೆಯಡಿಕೆ ಚೀಲದ ಜೊತೆ ಸದಾ ಇರುತ್ತದೆ. ತಂಗಿಯ ಮಗಳಿಗೆ ಗಂಡು ನೋಡಲು ಬಾಳೆಹೊನ್ನೂರಿನ ಕಡೆ ಹೋದಾಗ ಎಲ್ಲರೂ ಚಾವಡಿಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದರೆ ಇವರು ಅಂಗಳದಲ್ಲಿ ಗಂಡಿನವರ ಗಾಡಿಯ ಪಕ್ಕ ಕೂತಿದ್ದರು. ಒಳಗೆ ಬಂದವರು ತಲೆಯಾಡಿಸಿ, "ಆರು ನಟ್ಟು, ಕೂಡೋದಿಲ್ಲ" ಅಂದದ್ದನ್ನು ಹುಡುಗನ ಅಮ್ಮ ಬೇರೆಯೇ ಅರ್ಥದಲ್ಲಿ ತೆಗೆದುಕೊಂಡು, ಆ ಸಂಬಂಧ ಮತ್ತೆ ಕುದುರಲು ಎರಡು ತಿಂಗಳು ಹಿಡಿಯಿತು.

ಮೊದಲು ಬಂದದ್ದು ಮಾರುತಿ ಜಿಪ್ಸಿಯ ಚಕ್ರ. ಜಪಾನಿನ ಸುಜುಕಿಯವರ ಗಾಡಿಗೂ ಅಮೆರಿಕದ ವಿಲ್ಲೀಸಿಗೂ ನಟ್ಟಿನ ವೃತ್ತ ಒಂದೇ, ಅದೇ ಐದೂವರೆ ಇಂಚು. ಇದನ್ನು ಚಕ್ರಪಾಣಿಗಳು ಹೇಳುವಾಗ ಗೋತ್ರ ಕೂಡಿದ ಸಂಭ್ರಮ. ಕೂತದ್ದೂ ಕೂತಿತು. ಆದರೆ ಜಿಪ್ಸಿಯ ಟೈರು ಹಳೆಯದಕ್ಕಿಂತ ಕುಳ್ಳು, ಜೀಪು ಸುಮಾರು ಒಂದು ಇಂಚು ನೆಲಕ್ಕಿಳಿಯಿತು. ಒಂದು ಇಂಚು ಏನು ಮಹಾ ಅನ್ನುವವರು ನಮ್ಮ ತೋಟದ ರಸ್ತೆ ಕಂಡವರಲ್ಲ. ಎರಡು ಗಾಲಿಯ ನಡುವೆ ಎದ್ದಿರುವ ಕಲ್ಲುಗಳ ಎತ್ತರವನ್ನು ಮೂವತ್ತು ವರ್ಷದಿಂದ ಆ ಹಳೇ ಚಕ್ರವೇ ತೀರ್ಮಾನಿಸಿತ್ತು. ಮೊದಲ ದಿನವೇ ಹಿಂದಿನ ಹೌಸಿಂಗು 'ಠಣ್' ಅಂದಿತು.

ಆಮೇಲೆ ಬೆಂಗಳೂರಿಂದ ಬಂತು ನೋಡಿ, ಮೂವತ್ತೊಂದು ಇಂಚು ಎತ್ತರ, ಹತ್ತೂವರೆ ಇಂಚು ಅಗಲದ ಮಡ್ ಟೈರು, ಕರಿ ಅಲಾಯ್ ಸಮೇತ. ಎಷ್ಟು ಕೊಟ್ಟರು ಎಂಬುದು ಅವರಿಗೂ ಅಡಿಕೆ ಮಂಡಿಯವರಿಗೂ ಮಾತ್ರ ಗೊತ್ತು. ಮನೆಯಾಕೆಗೆ, ಅಂದರೆ ನಮ್ಮ ಅತ್ತಿಗೆಗೆ, ಹೇಳಿದ್ದು ಅದರ ಅರ್ಧ. ಪವರ್ ಸ್ಟಿಯರಿಂಗ್ ಇಲ್ಲದ ಜೀಪಿಗೆ ಅದನ್ನು ಹಾಕಿ ತಿರುಗಿಸುವುದೆಂದರೆ ಕಬ್ಬಿನ ಗಾಣಕ್ಕೆ ಹೆಗಲು ಕೊಟ್ಟ ಹಾಗೆ. ಪೂರ್ತಿ ತಿರುಗಿಸಿದರೆ ಟೈರು ಬ್ಲೇಡ್ ಸೆಟ್ಟಿಗೆ ಉಜ್ಜುತ್ತದೆ. ಉಜ್ಜಬಾರದೆಂದು ಸ್ಪೇಸರ್ ಹಾಕಿ ಚಕ್ರವನ್ನು ಹೊರಕ್ಕೆ ತಳ್ಳಿದರು. ಈಗ ಉಜ್ಜುವುದಿಲ್ಲ, ಮಡ್‌ಗಾರ್ಡಿನಿಂದ ಆಚೆ ನಿಂತು ಕೆಸರನ್ನೆಲ್ಲ ಬಾಗಿಲಿಲ್ಲದ ಜೀಪಿನ ಒಳಕ್ಕೆ ಎಸೆಯುತ್ತದೆ. ಹರಿಹರಪುರದ ಮದುವೆಗೆ ಬಿಳಿ ಪಂಚೆಯಲ್ಲಿ ಹೊರಟವರು ಕೆಮ್ಮಣ್ಣಿನ ಪಂಚೆಯಲ್ಲಿ ಇಳಿದರು. ದೊಡ್ಡ ಚಕ್ರ ಹಾಕಿದರೆ ಮೀಟರು ಸುಳ್ಳು ಹೇಳುತ್ತದಂತೆ, ನಲವತ್ತು ತೋರಿಸಿದಾಗ ಗಾಡಿ ನಿಜಕ್ಕೂ ನಲವತ್ತನಾಲ್ಕರಲ್ಲಿ ಓಡುತ್ತಿರುತ್ತದೆ ಎಂದು ನಾನು ಎಚ್ಚರಿಸಿದೆ. "ಮೀಟರ್ ಕೆಟ್ಟು ಎಷ್ಟೋ ಕಾಲ ಆಯ್ತು, ಬಿಡು" ಅಂದರು. ಆ ಒಂದು ವಿಷಯದಲ್ಲಿ ಅವರು ನಿಶ್ಚಿಂತರು.

ಚಕ್ರ ಕಂಡು ಬೆರಗಾಗುವುದು ನಮ್ಮ ತಾಲ್ಲೂಕಿಗೆ ಹೊಸದಲ್ಲ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಸೈಕಲ್ಲನ್ನು ಜನರ ಬಾಯಲ್ಲಿ ಬೀಸೆಕಲ್ಲು ಮಾಡಿದ್ದಾರೆ. ಬೀಸುವ ಕಲ್ಲಾದರೆ ಹಿಟ್ಟಾದರೂ ಬರುತ್ತದೆ.

ಜುಲೈ ತಿಂಗಳು, ಕೊಳೆ ಔಷಧಿ ಹೊಡೆಯುವ ಸಮಯ. ಮೈಲುತುತ್ತ, ಸುಣ್ಣ, ಎರಡು ಡ್ರಮ್ಮು ಹಾಕಿಕೊಂಡು ತೋಟದ ಇಳಿಜಾರಿಗೆ ಹೊರಟೆವು. ನಾನು ಪಕ್ಕದ ಸೀಟಿನಲ್ಲಿ. "ಇವತ್ತು ನೋಡು ಮಜ" ಎಂದು ಚಕ್ರಪಾಣಿಗಳು ಸಣ್ಣ ಗೇರು ಎಳೆದು, ಫೋರ್ ವೀಲ್ ಹಾಕಿದರು. ನೋಡಿದೆ. ಆ ರಸ್ತೆಯಲ್ಲಿ ಎರಡು ಆಳದ ಕೊರಕಲು ಇವೆ, ಬಡಕಲು ಟೈರುಗಳೇ ವರ್ಷಗಟ್ಟಲೆ ಓಡಾಡಿ ಮಾಡಿದ್ದು. ಹತ್ತೂವರೆ ಇಂಚಿನ ಟೈರು, ಸ್ಪೇಸರ್ ಬೇರೆ, ಅದರೊಳಗೆ ಕೂರುವುದೇ ಇಲ್ಲ. ಕೊರಕಲಿನ ಅಂಚಿನ ಮೇಲೆ ಒಂದೊಂದೇ ಹೆಜ್ಜೆ ಇಡುತ್ತಾ ಹೋಗಿ, ಅಂಚು ಕುಸಿದಲ್ಲಿ ಜಾರಿ, ಧರೆಗೆ ಮೈ ಒರಗಿಸಿ ನಿಂತಿತು. ನಾಲ್ಕೂ ಚಕ್ರ ಭರ್ಜರಿಯಾಗಿ ತಿರುಗಿದವು, ಜೀಪು ತಿರುಗಲಿಲ್ಲ. ಮಡ್ ಟೈರಿನ ಹಲ್ಲುಗಳ ಸಂದಿಯಲ್ಲಿ ನಮ್ಮ ಅಂಟುಮಣ್ಣು ತುಂಬಿ ಚಕ್ರ ನುಣ್ಣಗೆ ರಾಗಿಮುದ್ದೆಯಾಗಿತ್ತು. ಅಗಲದ ಟೈರು ಮರಳಿನ ಮೇಲೆ ತೇಲುತ್ತದೆ, ಒಪ್ಪೋಣ. ಕಾರವಾರದ ಕಡಲ ತೀರದಲ್ಲಿ ಅದೇ ರಾಜ. ನಮ್ಮಲ್ಲಿ ತೇಲಿದರೆ ಕೆಟ್ಟೆ, ಕೆಸರು ಸೀಳಿಕೊಂಡು ತಳದ ಜಂಬಿಟ್ಟಿಗೆ ಮುಟ್ಟಬೇಕು. ಬಡಕಲು ಟೈರು ಮಾಡುತ್ತಿದ್ದದ್ದು ಅದನ್ನೇ.

ಅರ್ಧ ಗಂಟೆ ಇಂಬಳ ಕಿತ್ತುಕೊಳ್ಳುತ್ತಾ ಕೂತೆವು. ಆಳುಗಳನ್ನು ತುಂಬಿಕೊಂಡು ಕೆಳಗಿನ ಮನೆಯ ಹಳೇ ಜೀಪು ಬಂತು, ಅದೇ ಸಿಕ್ಸ್ ಹಂಡ್ರೆಡ್ ಸಿಕ್ಸ್ಟೀನು, ಎರಡು ಟೈರಂತೂ ಬೋಳು. ಹುಡುಗ ಹಗ್ಗ ಕಟ್ಟಿದ. "ಎಂತ ಅಯ್ಯಾ, ಇಷ್ಟ್ ದೊಡ್ಡ ಟೈರ್ ಹಾಕ್ಸಿನೂ ಹುಗ್ದೋಯ್ತಾ?" ಎಂದು ಒಂದೇ ಪ್ರಶ್ನೆ ಕೇಳಿದ. ಚಕ್ರಪಾಣಿಗಳು ಉತ್ತರ ಕೊಡಲಿಲ್ಲ. ಅವನ ಜೀಪಿನ ಹಿಂದಿನ ಚಕ್ರದ ಹತ್ತಿರ ಬಗ್ಗಿ ನೋಡುತ್ತಿದ್ದರು. ನಟ್ಟು ಎಣಿಸುವುದು ಅಭ್ಯಾಸಬಲ.

ಅಪ್ಪಯ್ಯನ ಕಾಲದ ಆ ಐದು ಚಕ್ರಗಳು ಏನಾದವು ಅಂತೀರಾ? ಎರಡು, ಗಾಳಿ ಬಂದಾಗ ಅಡಿಕೆಯ ಟಾರ್ಪಲ್ ಹಾರದಂತೆ ಹೇರುವುದಕ್ಕೆ. ಇನ್ನೆರಡರ ಮೇಲೆ ಕೋಳಿ ಕಾವಿಗೆ ಕೂರುತ್ತದೆ. ಒಂದು ಹಲಸಿನ ಮರದಲ್ಲಿ ಮಕ್ಕಳ ಉಯ್ಯಾಲೆ. ಐದು ವರ್ಷಕ್ಕೊಮ್ಮೆ ಮಾತ್ರ ಅವುಗಳಿಗೆ ಕರೆ ಬರುತ್ತದೆ, ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿ ನವೀಕರಣಕ್ಕೆ ಚಿಕ್ಕಮಗಳೂರಿಗೆ ಹೋಗುವ ದಿನ. ಕಂಪನಿ ಕೊಟ್ಟ ರೂಪ ಬದಲಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಆದ್ದರಿಂದ ಹಿಂದಿನ ಸಂಜೆ ಕೋಳಿ ಎಬ್ಬಿಸಿ, ಉಯ್ಯಾಲೆ ಬಿಚ್ಚಿ, ಜಾಕಿ ಕೊಡುತ್ತಾರೆ. ಮರುದಿನ ಜೀಪು ಸದ್ದಿಲ್ಲದೆ, ಕೊರಕಲಿನೊಳಗೆ ಕಾಲಿಟ್ಟು ಮೆಲ್ಲಗೆ ಹೋಗಿ ಮೆಲ್ಲಗೆ ಬರುತ್ತದೆ. ಕಳೆದ ಸಲ ಅತ್ತಿಗೆಯೂ ಜೊತೆಗೆ ಹೋಗಿದ್ದರು. ಇಳಿದವರೇ ಸೊಂಟ ಮುಟ್ಟಿಕೊಂಡು, "ಈ ಆರ್‌ಸಿ ಅನ್ನೋದು ವಾರಕ್ಕೊಂದ್ಸಲ ಇದ್ದಿದ್ರೆ ಚೆನ್ನಾಗಿತ್ತು" ಅಂದರು. ಅಷ್ಟರಲ್ಲಿ ಚಕ್ರಪಾಣಿಗಳು ಪಾನಾ ಹಿಡಿದು ನಟ್ಟು ಸಡಿಲಿಸುತ್ತಿದ್ದರು.

ಕೊಪ್ಪದ ಕಡೆ ಬರುವವರಲ್ಲಿ ಒಂದು ವಿನಂತಿ. ಹೋಟೆಲಿನ ಮುಂದೆ ಕಾರು ನಿಲ್ಲಿಸಿ ಕಾಫಿ ಕುಡಿಯುತ್ತಿರುವಾಗ, ಯಾರೋ ಹಿರಿಯರು ನಿಮ್ಮ ಚಕ್ರದ ಪಕ್ಕ ಕೂತು ದಬ್ಬೆಯ ಚೂರೊಂದನ್ನು ಇಟ್ಟು ತೆಗೆದು ಮಾಡುತ್ತಿದ್ದರೆ ಗಾಬರಿ ಬೀಳಬೇಡಿ, ಬೈಯಲೂ ಬೇಡಿ. ಕಾರಿಗೆ ನಾಲ್ಕು ನಟ್ಟಿದ್ದರೆ ಅವರೇ ಎದ್ದು ಹೋಗುತ್ತಾರೆ.