ಏನ್ ಗುರು, ಈಗ ಏನ್ ಕೇಳ್ತಿದೀಯ?

ಆರತಕ್ಷತೆಯ ಹಾಲಿನಲ್ಲಿ ಸಿನಿಮಾ ಹಾಡು ಹಾಕಿದ್ದಾರೆ ಎನ್ನಿ. ಹಾಡು ಗೊತ್ತಿರುವವರ ತುಟಿಯೆಲ್ಲ ಸಾಹಿತ್ಯದ ಜೊತೆ ಆಡುತ್ತಿರುತ್ತದೆ. ಒಬ್ಬನ ತುಟಿ ಮಾತ್ರ ಸುಮ್ಮನೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ಹುಬ್ಬು ಗಂಟಿಕ್ಕಿದೆ, ಎಡಗೈ ಬೆರಳುಗಳು ತೊಡೆಯ ಮೇಲೆ ಏನನ್ನೋ ಒತ್ತುತ್ತಿವೆ, ಗಂಟಲಲ್ಲಿ ಸಣ್ಣಗೆ ‘ಡೂಂ, ಡು-ಡು-ಡೂಂ’. ಪಕ್ಕದಲ್ಲಿ ಕೂತ ಹಿರಿಯರು ‘ಹೊಟ್ಟೆನೋವೇನಪ್ಪಾ?’ ಎಂದು ವಿಚಾರಿಸಿದರೆ ಅವರದೇನೂ ತಪ್ಪಿಲ್ಲ. ಅವನು ಬೇಸ್ ಗಿಟಾರ್ ನುಡಿಸುವವನು. ಮನೆಯಲ್ಲಿಟ್ಟ ಹೆಸರು ಏನೇ ಇರಲಿ, ಬ್ಯಾಂಡಿನವರ ಬಾಯಲ್ಲಿ ಬೇಸಣ್ಣ.

ಬೆಂಗಳೂರಿನ ಬೇಸಣ್ಣ ವಾರದ ದಿನಗಳಲ್ಲಿ ಬೆಳ್ಳಂದೂರಿನ ಕಡೆಯ ಯಾವುದೋ ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುತ್ತಾನೆ. ಶನಿವಾರ ಸಂಜೆ ಗಂಟೆ ಲೆಕ್ಕಕ್ಕೆ ಬಾಡಿಗೆ ಹಿಡಿದ ಜ್ಯಾಮ್ ಪ್ಯಾಡಿನಲ್ಲಿ ಪ್ರತ್ಯಕ್ಷ. ಬೇಸ್ ಅವನ ಕೈಗೆ ಬಂದದ್ದು ಆಸೆಯಿಂದಲ್ಲ. ಹಾಸ್ಟೆಲಿನಲ್ಲಿ ಬ್ಯಾಂಡ್ ಕಟ್ಟಲು ಹೊರಟವರಲ್ಲಿ ಮೂವರು ಗಿಟಾರಿಸ್ಟರಿದ್ದರು, ಮೂವರಲ್ಲಿ ಇವನದು ನಿಧಾನದ ಬೆರಳು. ಈ ಅವಮಾನಕ್ಕೆ ಅವನು ಚಿನ್ನದ ಚೌಕಟ್ಟು ಹಾಕಿಟ್ಟುಕೊಂಡಿದ್ದಾನೆ. 1961ರಲ್ಲಿ ಸ್ಟುವರ್ಟ್ ಸಟ್‌ಕ್ಲಿಫ್ ಬೀಟಲ್ಸ್ ಬಿಟ್ಟು ಹೋದಾಗ ಬೇಸ್ ಹಿಡಿಯಲು ಯಾರಿಗೂ ಮನಸ್ಸಿರಲಿಲ್ಲ, ಕೊನೆಗೆ ಅದು ಪಾಲ್ ಮೆಕಾರ್ಟ್ನಿ ಕೊರಳಿಗೆ ಬಿತ್ತು. ಈ ಸಂಗತಿಯನ್ನು ಬೇಸಣ್ಣನ ಬಾಯಿಂದ ಕೇಳದವರು ಅವನ ಆಫೀಸಿನಲ್ಲಿ ಸೆಕ್ಯುರಿಟಿಯವರು ಮಾತ್ರ. ಅವರದೂ ಶಿಫ್ಟ್ ಬದಲಾಗುತ್ತಿರುತ್ತದೆ ಎಂಬ ಕಾರಣಕ್ಕೆ.

ಇಂಥವನ ಎದುರಿಗೆ ಇನ್ನೊಬ್ಬ ಬೇಸಣ್ಣ ಬಂದರೆ ಕುಶಲ ಪ್ರಶ್ನೆ ಇರುವುದಿಲ್ಲ. ಮನೆಯಲ್ಲಿ ಹೇಗಿದ್ದಾರೆ, ಕೆಲಸ ಇದೆಯೋ ಹೋಯಿತೋ, ಯಾವುದೂ ಇಲ್ಲ. ‘ಏನ್ ಗುರು, ಈಗ ಏನ್ ಕೇಳ್ತಿದೀಯ?’ ಅಷ್ಟೇ. ಗಿಟಾರಿಸ್ಟನನ್ನು ಇದೇ ಪ್ರಶ್ನೆ ಕೇಳಿ ನೋಡಿ, ತಾನು ಕಳೆದ ವಾರ ರೆಕಾರ್ಡ್ ಮಾಡಿದ ಸೋಲೋ ಕೇಳಿಸುತ್ತಾನೆ. ಹಾಡುಗಾರ ತನ್ನದೇ ವಿಡಿಯೊ ತೋರಿಸುತ್ತಾನೆ. ಬೇಸಣ್ಣ ಮಾತ್ರ ಮಾರುದ್ದದ ಪಟ್ಟಿ ತೆಗೆಯುತ್ತಾನೆ, ಅದರಲ್ಲಿ ತನ್ನದೊಂದೂ ಇರುವುದಿಲ್ಲ. ವೇದಿಕೆಯ ಮೇಲೆ ಅವನಿಗೆ ಸೋಲೋ ಕೊಡುವವರಿಲ್ಲ. ಹಾಗಾಗಿ ಈ ಪಟ್ಟಿಯೇ ಅವನ ಸೋಲೋ, ಅದನ್ನು ಅವನು ಅವಸರದಲ್ಲಿ ಮುಗಿಸುವವನಲ್ಲ.

ಪಟ್ಟಿಗೊಂದು ಮಡಿಮೈಲಿಗೆ ಇದೆ. ಮೊದಲ ಹೆಸರು ಯಾರೂ ತಕರಾರು ತೆಗೆಯಲಾಗದ್ದಾಗಿರಬೇಕು. ಮಾರ್ವಿನ್ ಗೇಯ ‘ವಾಟ್ಸ್ ಗೋಯಿಂಗ್ ಆನ್’ ಇಲ್ಲಿ ಗಣಪತಿ ಪೂಜೆಯ ಸ್ಥಾನದಲ್ಲಿದೆ. 1971ರ ಈ ಆಲ್ಬಮ್ ಬರುವವರೆಗೆ ಡೆಟ್ರಾಯಿಟ್‌ನ ಮೋಟೌನ್ ಕಂಪನಿ ತನ್ನ ಹಿಟ್ ಹಾಡುಗಳಿಗೆ ನುಡಿಸಿದವರ ಹೆಸರನ್ನು ರಟ್ಟಿನ ಮೇಲೆ ಹಾಕುತ್ತಿರಲಿಲ್ಲ. ಜೇಮ್ಸ್ ಜೇಮರ್ಸನ್ ವರ್ಷಗಟ್ಟಲೆ ಆ ಹಾಡುಗಳ ತಳಪಾಯ ಹಾಕಿ, ಈ ಆಲ್ಬಮ್ಮಿನಲ್ಲಿ ಮೊದಲ ಸಲ ಹೆಸರು ಕಂಡ. ಅದೂ ‘ಸಾಟಿಯಿಲ್ಲದ’ ಎಂಬ ವಿಶೇಷಣದ ಸಮೇತ. ಬೇಸಣ್ಣ ಈ ಮಾತು ಹೇಳುವಾಗ ಕಣ್ಣು ಒದ್ದೆಯಾಗುತ್ತದೆ. ತನ್ನ ಬ್ಯಾಂಡಿನ ಪೋಸ್ಟರಿನಲ್ಲಿ ತನ್ನ ತಲೆ ಅರ್ಧಕ್ಕೆ ಕತ್ತರಿಸಿ ಹೋಗಿರುವುದು ಅದೇ ಹೊತ್ತಿಗೆ ನೆನಪಾಗುತ್ತದೆ ಎಂದು ಕಾಣುತ್ತದೆ.

ಜೇಮರ್ಸನ್ ಬಲಗೈಯ ತೋರುಬೆರಳೊಂದರಲ್ಲೇ ನುಡಿಸುತ್ತಿದ್ದ. ತಂತಿ ತುಂಡಾದ ಹೊರತು ಬದಲಾಯಿಸುತ್ತಿರಲಿಲ್ಲ. ತಂತಿಯ ಕೊಳೆಯಲ್ಲೇ ಫಂಕ್ ಇರುವುದೆಂದು ನಂಬಿದ್ದವನಂತೆ. ಒಂದೇ ಬೆರಳಲ್ಲಿ ನುಡಿಸುವುದು ನಮ್ಮ ಬೇಸಣ್ಣನಿಗೆ ಈ ಜನ್ಮದಲ್ಲಿ ಸಾಧ್ಯವಿಲ್ಲ. ತಂತಿ ಬದಲಾಯಿಸದೆ ಇರುವುದನ್ನು ಮಾತ್ರ ಅವನು ಪೂರ್ತಿ ಸಿದ್ಧಿಸಿಕೊಂಡಿದ್ದಾನೆ. ಒಂದು ಸೆಟ್ಟಿಗೆ ಎರಡು ಮೂರು ಸಾವಿರ ರೂಪಾಯಿ ಎಂಬುದೂ ಈ ಗುರುಭಕ್ತಿಗೆ ಇಂಬು ಕೊಟ್ಟಿದೆ. ‘ವಾಟ್ಸ್ ಗೋಯಿಂಗ್ ಆನ್’ ಹಾಡನ್ನು ಜೇಮರ್ಸನ್ ಕುಡಿದ ಅಮಲಿನಲ್ಲಿ ನೆಲದ ಮೇಲೆ ಅಂಗಾತ ಮಲಗಿ ನುಡಿಸಿದ ಎಂಬ ಕಥೆಯೊಂದಿದೆ. ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ ಅದನ್ನು ಪ್ರಯೋಗಿಸಿದ ಬೇಸಣ್ಣಂದಿರು ಎರಡನೇ ಚರಣಕ್ಕೆ ಮೊದಲೇ ನಿದ್ದೆ ಹೋಗಿದ್ದಾರೆ.

ಎರಡನೆಯ ಹೆಸರು ಜಾಕೊ ಪಾಸ್ಟೋರಿಯಸ್. ಇಲ್ಲಿ ಭಕ್ತಿ ಸ್ವಲ್ಪ ಅಪಾಯಕಾರಿ. 1976ರ ಅವನ ಮೊದಲ ಆಲ್ಬಮ್ ಶುರುವಾಗುವುದೇ ‘ಡೋನಾ ಲೀ’ಯಿಂದ. ಸ್ಯಾಕ್ಸೊಫೋನಿನವರೇ ಬೆವರುವ ಬೀಬಾಪ್ ರಚನೆ, ಅದನ್ನು ಬೇಸ್ ಮೇಲೆ, ಜೊತೆಗೆ ಕೊಂಗಾ ಡೋಲು ಮಾತ್ರ ಇಟ್ಟುಕೊಂಡು ನುಡಿಸಿದ್ದಾನೆ. ಅವನು ತನ್ನ ಫೆಂಡರ್ ಜ್ಯಾಸ್ ಬೇಸಿನ ಫ್ರೆಟ್‌ಗಳನ್ನು ಕಿತ್ತು, ಸಂದಿಗೆ ಮರದ ಪುಟ್ಟಿ ತುಂಬಿ, ಮೇಲೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿದಿದ್ದನಂತೆ. ಇದನ್ನು ಓದಿದ ಬೇಸಣ್ಣ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಇಕ್ಕಳ ಹಿಡಿದು ಕೂತ. ಫ್ರೆಟ್ ಬಂದವು, ಜೊತೆಗೆ ಮರದ ಚಕ್ಕೆಯೂ ಬಂತು. ವೀಣೆ ನುಡಿಸುವ ಅಜ್ಜಿ ನೋಡಿ, ‘ಅಲ್ವೋ, ವೀಣೆಗೇ 24 ಮೆಟ್ಟು ಇರ್ಬೇಕಾದ್ರೆ ನಿಂದಕ್ಕೆ ಒಂದೂ ಬೇಡ್ವೇನೋ?’ ಅಂದರು. ಆ ವಾದ್ಯ ಈಗ ಗೋಡೆಯ ಅಲಂಕಾರ. ಜಾಕೊ 1987ರಲ್ಲಿ, 35ನೇ ವಯಸ್ಸಿಗೆ ತೀರಿಕೊಂಡ. ಅದಕ್ಕೆ ಮುಂಚೆಯೇ ಕಳವಾಗಿದ್ದ ಅವನ ಬೇಸ್ ಎಷ್ಟೋ ವರ್ಷಗಳ ಮೇಲೆ ನ್ಯೂಯಾರ್ಕಿನಲ್ಲಿ ಪತ್ತೆಯಾಗಿ, ಮೆಟಾಲಿಕಾದ ರಾಬರ್ಟ್ ಟ್ರುಹಿಯೊ ದುಡ್ಡು ಕೊಟ್ಟು ಬಿಡಿಸಿಕೊಂಡ. ಬೇಸಣ್ಣ ತನ್ನದನ್ನು ಮಾರಾಟಕ್ಕಿಟ್ಟು ನೋಡಿದ, ಬಿಡಿಸಿಕೊಳ್ಳಲು ಯಾರೂ ಬರಲಿಲ್ಲ.

ಬೇಸಣ್ಣಂದಿರು ಆಲ್ಬಮ್ ಕೇಳುವ ರೀತಿಯೇ ಬೇರೆ. ಮದುವೆಮನೆಗೆ ಊಟಕ್ಕೆ ಬಂದ ಅಡುಗೆಭಟ್ಟರು ಇನ್ನೊಬ್ಬರ ಸಾರನ್ನು ನಾಲಗೆ ತುದಿಯಲ್ಲಿ ನಿಲ್ಲಿಸಿಕೊಂಡು ಯೋಚಿಸುವ ಹಾಗೆ ಕೇಳುತ್ತಾರೆ. ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ (1959) ಲೋಕಕ್ಕೆಲ್ಲ ಟ್ರಂಪೆಟ್ಟಿನ ಆಲ್ಬಮ್. ಇವರಿಗೆ ಅದು ಪಾಲ್ ಚೇಂಬರ್ಸ್‌ನದು, ಏಕೆಂದರೆ ಮೊದಲ ರಚನೆ ‘ಸೋ ವಾಟ್’ನಲ್ಲಿ ಮಾತು ಎತ್ತುವುದು ಬೇಸ್, ಕೊಳವೆವಾದ್ಯಗಳು ಎರಡೇ ಸ್ವರದಲ್ಲಿ ಹೂಂಗುಟ್ಟುತ್ತವೆ. ಹೂಂಗುಟ್ಟುವ ಪಾಳಿ ಇಲ್ಲಿ ಬೇರೆಯವರಿಗೆ ಬಂದಿದೆಯಲ್ಲ, ಬೇಸಣ್ಣನಿಗೆ ಅದಕ್ಕಿಂತ ಸುಖವಿಲ್ಲ.

ಕಷ್ಟ ಬರುವುದು ಈ ಸುಖವನ್ನು ಹಂಚಲು ಹೊರಟಾಗ. ಆಫೀಸಿನ ಗೆಳೆಯನಿಗೆ ಹಾಡಿನ ಕೊಂಡಿ ಕಳಿಸುತ್ತಾನೆ. ಗೆಳೆಯ ಫೋನನ್ನು ಊಟದ ಮೇಜಿನ ಮೇಲಿಟ್ಟು ಕೇಳಿ, ‘ಚೆನ್ನಾಗಿದೆ ಮಗಾ, ಹಾಡಿರೋದು ಯಾರು?’ ಎನ್ನುತ್ತಾನೆ. ಬೇಸಿನ ಅತಿ ಕೆಳಗಿನ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ಅಷ್ಟು ತಗ್ಗಿನ ಸದ್ದನ್ನು ಹೊರಡಿಸುವ ಶಕ್ತಿ ಫೋನಿನ ಸ್ಪೀಕರಿಗಿಲ್ಲ. ಆ ಸ್ವರದ ಮೇಲಿನ ಹಾರ್ಮೋನಿಕ್ಸ್ ಕಿವಿಗೆ ಬೀಳುತ್ತವೆ, ಅವುಗಳಿಂದ ಮಿದುಳು ತಳದ ಸ್ವರವನ್ನು ಊಹಿಸಿಕೊಳ್ಳುತ್ತದೆ. ಅಂದರೆ ಗೆಳೆಯ ಕೇಳಿದ್ದು ಜೇಮರ್ಸನ್‌ನನ್ನಲ್ಲ, ಜೇಮರ್ಸನ್ ಇದ್ದಾನೆಂಬ ಊಹೆಯನ್ನು. ಇದನ್ನು ಬೇಸಣ್ಣ ಮಜ್ಜಿಗೆ ಮುಗಿಯುವವರೆಗೆ ವಿವರಿಸುತ್ತಾನೆ. ಮನೆಗೆ ಬಂದು ದೊಡ್ಡ ಸ್ಪೀಕರಿನಲ್ಲಿ ಅದನ್ನೇ ಹಾಕಿದರೆ ಅಮ್ಮ ಕಿಟಕಿ ತೆರೆದು ಬೀದಿ ನೋಡುತ್ತಾರೆ: ‘ಯಾರ ಮನೇಲೋ ಬೋರ್‌ವೆಲ್ ಕೊರೀತಿದಾರೆ.’

ಮೆಚ್ಚುಗೆಯ ಪಟ್ಟಿಯ ಹಿಂದೆಯೇ ದೂರಿನ ಪಟ್ಟಿ ಇರುತ್ತದೆ, ಅದನ್ನೂ ಅಷ್ಟೇ ಶ್ರದ್ಧೆಯಿಂದ ಕೇಳುತ್ತಾರೆ. ಅದರಲ್ಲಿ ಅಗ್ರಪೂಜೆ ಮೆಟಾಲಿಕಾದ 1988ರ ‘ಅಂಡ್ ಜಸ್ಟಿಸ್ ಫಾರ್ ಆಲ್’ಗೆ. 1986ರಲ್ಲಿ ಸ್ವೀಡನ್ನಿನ ಬಸ್ ಅಪಘಾತದಲ್ಲಿ ಕ್ಲಿಫ್ ಬರ್ಟನ್ ಸತ್ತ ಮೇಲೆ ಜೇಸನ್ ನ್ಯೂಸ್ಟೆಡ್ ಬೇಸ್ ಹಿಡಿದು ಬ್ಯಾಂಡಿಗೆ ಸೇರಿದ. ಆಲ್ಬಮ್ ತುಂಬ ನುಡಿಸಿದ. ಆಲ್ಬಮ್ ಹೊರಬಂದಾಗ ಬೇಸ್ ಕೇಳಿಸಲೇ ಇಲ್ಲ. ಮಿಕ್ಸಿಂಗ್ ಮಾಡಿದವರಲ್ಲೊಬ್ಬರು ಮುಂದೆ ಡ್ರಮ್ಮರ್ ಲಾರ್ಸ್ ಉಲ್ರಿಕ್ ಕಡೆ ಬೆರಳು ತೋರಿಸಿದರು. ಅಭಿಮಾನಿಗಳು ಬೇಸ್ ಏರಿಸಿದ ಆವೃತ್ತಿಯನ್ನು ತಾವೇ ತಯಾರಿಸಿ ಹಂಚಿದರು. ಬೇಸಣ್ಣ ಇವತ್ತಿಗೂ ಮೂಲವನ್ನೇ ಹಾಕಿಕೊಂಡು, ಹೆಡ್‌ಫೋನನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ‘ಇಲ್ಲಿ ಇದೆ, ಇಲ್ಲಿ ಇದೆ’ ಎನ್ನುತ್ತಾನೆ. ಇನ್ನು 2003ರ ‘ಸೆವೆನ್ ನೇಷನ್ ಆರ್ಮಿ’. ಜಗತ್ತಿನ ಫುಟ್‌ಬಾಲ್ ಮೈದಾನಗಳಲ್ಲಿ ಜನ ಒಕ್ಕೊರಲಿಂದ ಹಾಡುವ ಬೇಸ್ ಲೈನ್ ಯಾವುದಾದರೂ ಇದ್ದರೆ ಇದೇ. ಆದರೆ ಅದು ಬೇಸ್ ಅಲ್ಲ. ಜ್ಯಾಕ್ ವೈಟ್ ಗಿಟಾರನ್ನೇ ಪೆಡಲಿನಿಂದ ಒಂದು ಸ್ಥಾಯಿ ಕೆಳಕ್ಕಿಳಿಸಿ ನುಡಿಸಿದ್ದು. ಈ ಗಾಯದ ಬಗ್ಗೆ ಬೇಸಣ್ಣನ ಹತ್ತಿರ ಮಾತಾಡದಿರುವುದು ಲೇಸು.

ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಬೇಸ್ ಕೆಲಸವನ್ನು ಕೀಬೋರ್ಡಿನವನ ಎಡಗೈಗೆ ವಹಿಸಿಬಿಡುವುದುಂಟು. ಬೇಸಣ್ಣ ಪೆಂಡಾಲಿನ ಹಿಂದೆ ನಿಂತು ಹಲ್ಲು ಕಡಿಯುತ್ತಾನೆ. ‘ಡೋರ್ಸ್‌ನೋರೂ ಹೀಗೇ ಮಾಡ್ತಿದ್ದಿದ್ದು’ ಎಂದು ಯಾರಾದರೂ ಸಮಾಧಾನ ಹೇಳಬಾರದು. ರೇ ಮಂಜರೆಕ್ ವೇದಿಕೆಯಲ್ಲಿ ಎಡಗೈಯಿಂದ ಬೇಸ್ ಸಾಗಿಸುತ್ತಿದ್ದನಾದರೂ 1971ರ ‘ಎಲ್.ಎ. ವುಮನ್’ ರೆಕಾರ್ಡಿಂಗಿಗೆ ಎಲ್ವಿಸ್ ಪ್ರೀಸ್ಲಿಯ ಬೇಸಿಸ್ಟ್ ಜೆರ್ರಿ ಶೆಫ್‌ನನ್ನು ಕರೆಸಿಕೊಳ್ಳಬೇಕಾಯಿತು ಎಂಬ ಉತ್ತರ ಸಿದ್ಧವಾಗಿರುತ್ತದೆ, ಆಮೇಲೆ ಇಡೀ ಆಲ್ಬಮ್ ಕೇಳಬೇಕಾಗುತ್ತದೆ.

ಹಿರಿಯ ಬೇಸಣ್ಣಂದಿರ ಗತ್ತೇ ಬೇರೆ. ಅರಮನೆ ಮೈದಾನಕ್ಕೆ 2002ರಲ್ಲಿ, ಪಿಂಕ್ ಫ್ಲಾಯ್ಡ್‌ನಲ್ಲಿ ಬೇಸ್ ನುಡಿಸುತ್ತಿದ್ದ ರೋಜರ್ ವಾಟರ್ಸ್ ಬಂದ. 2007ರ ಮಾರ್ಚಿನಲ್ಲಿ ಐರನ್ ಮೇಡನ್ ಭಾರತದ ತನ್ನ ಮೊದಲ ಕಾರ್ಯಕ್ರಮವನ್ನು ಅಲ್ಲೇ ಕೊಟ್ಟಿತು. ಆ ಬ್ಯಾಂಡ್ ಕಟ್ಟಿದವನು ಬೇಸ್ ನುಡಿಸುವ ಸ್ಟೀವ್ ಹ್ಯಾರಿಸ್. ‘ನಮ್ಮೂರಿಗೆ ಜನ ಸೇರಿಸಿದ್ದು ಯಾರು? ಬೇಸಿನೋರು’ ಎಂಬುದು ಇವರ ವಾದ. ಅದೇ ಊರಿನಲ್ಲಿ ರಘು ದೀಕ್ಷಿತ್ ಹೆಸರು ಗೊತ್ತಿಲ್ಲದವರಿಲ್ಲ, ಅವರ ಜೊತೆ ವರ್ಷಗಟ್ಟಲೆ ಬೇಸ್ ನುಡಿಸಿದ ಗೌರವ್ ವಾಜ್ ಹೆಸರು ಕೇಳಿದರೆ ಬೇಸಣ್ಣಂದಿರು ಮಾತ್ರ ಕೈಯೆತ್ತುತ್ತಾರೆ ಎಂದು ನೆನಪಿಸಿದರೆ, ‘ಅದೇ ನಾನೂ ಹೇಳ್ತಿರೋದು’ ಎಂದು ವಾದದ ಎರಡೂ ಕಡೆ ತಾವೇ ಗೆಲ್ಲುತ್ತಾರೆ.

ಎಳೆಯರು ಮೊದಲು ಹೇಳುವ ಹೆಸರು ಮುಂಬೈಯ ಮೋಹಿನಿ ಡೇ. 2023ರಲ್ಲಿ ಬಂದ ಅವರದೇ ಹೆಸರಿನ ಆಲ್ಬಮ್ಮನ್ನು ಅರ್ಧ ವೇಗಕ್ಕಿಳಿಸಿ ಕೇಳುತ್ತಾರೆ. ಅರ್ಧ ವೇಗದಲ್ಲೂ ಬೆರಳು ಸಿಕ್ಕದೆ ಕಾಲು ವೇಗಕ್ಕೆ ಹೋದಾಗ ಬೋರ್‌ವೆಲ್ಲಿನ ಅನುಮಾನ ನಿಜವೇ ಇರಬಹುದು ಅನ್ನಿಸುತ್ತದೆ.

ಇಷ್ಟೆಲ್ಲ ಡೆಟ್ರಾಯಿಟ್, ನ್ಯೂಯಾರ್ಕ್ ಸುತ್ತಿ ಬಂದ ಮೇಲೆ, ರಾತ್ರಿ ಗಿಗ್ ಮುಗಿದು, ರಸ್ತೆ ಬದಿಯ ಗಾಡಿಯ ಹತ್ತಿರ ತಟ್ಟೆ ಹಿಡಿದು ನಿಂತಾಗ ಪಟ್ಟಿಯ ನಿಜವಾದ ಹೆಸರು ಹೊರಬೀಳುತ್ತದೆ. ಒಬ್ಬ ಅಳುಕುತ್ತಲೇ ಬಾಯಿ ಬಿಡುತ್ತಾನೆ: ‘ನಿಜ ಹೇಳ್ಲಾ ಗುರು? ಈ ವಾರ ಪೂರ್ತಿ ಗೀತಾ ಕೇಳ್ತಿದೀನಿ.’ ಇನ್ನೊಬ್ಬನ ಕೈಯಲ್ಲಿದ್ದ ತಟ್ಟೆ ನಿಲ್ಲುತ್ತದೆ. ಅವನೂ ಅದನ್ನೇ ಕೇಳುತ್ತಿದ್ದ, ಹೇಳಲು ಬಿಗುಮಾನ. ಶಂಕರ್ ನಾಗ್ 1981ರಲ್ಲಿ ತೆಗೆದ ಚಿತ್ರ, ಇಳಯರಾಜ ಸಂಗೀತ. ‘ಜೊತೆಯಲಿ ಜೊತೆಜೊತೆಯಲಿ’ ಹಾಡಿನಲ್ಲಿ ಎಸ್.ಪಿ.ಬಿ., ಜಾನಕಿ ಹಾಡುತ್ತಿದ್ದರೆ ಕೆಳಗೆ ಬೇಸ್ ತನ್ನದೇ ಇನ್ನೊಂದು ಹಾಡು ಹಾಡಿಕೊಂಡು ನಡೆದಿರುತ್ತದೆ. ಬೇಸಿನವನು ಏನು ನುಡಿಸಬೇಕೆಂಬುದನ್ನೂ ಇಳಯರಾಜ ಸ್ವರಲಿಪಿಯಲ್ಲಿ ಬರೆದು ಕೊಡುವವರು. ಅಲ್ಲಿಂದ ಮಾತು ಮಣಿರತ್ನಂ ಅವರ ಮೊದಲ ಚಿತ್ರ, 1983ರ ‘ಪಲ್ಲವಿ ಅನುಪಲ್ಲವಿ’ಗೆ ಜಾರುತ್ತದೆ. ‘ನಗುವ ನಯನ’ದ ಬೇಸ್ ಲೈನನ್ನು ಇಬ್ಬರೂ ಬಾಯಲ್ಲೇ ನುಡಿಸುತ್ತಾರೆ, ಒಬ್ಬ ತಪ್ಪಿದಲ್ಲಿ ಇನ್ನೊಬ್ಬ ತಡೆದು ತಿದ್ದುತ್ತಾನೆ. ಗಾಡಿಯವನು ಚಟ್ನಿ ಸುರಿಯುತ್ತ ‘ಯಾವ ಹಾಡು ಸಾರ್ ಅದು?’ ಎನ್ನುತ್ತಾನೆ. ಹೆಸರು ಹೇಳಿದರೆ, ‘ಆ ಹಾಡಾ? ಅದು ಹಂಗಿಲ್ವಲ್ಲ ಸಾರ್’ ಎಂದು ಸರಿಯಾದ ಧಾಟಿಯಲ್ಲಿ ಹಾಡಿ ತೋರಿಸುತ್ತಾನೆ.

ಬೀಳ್ಕೊಡುವಾಗ ಒಬ್ಬರಿಗೊಬ್ಬರು ಹತ್ತಾರು ಆಲ್ಬಮ್ಮುಗಳ ಹೆಸರು ಕೊಟ್ಟುಕೊಂಡಿರುತ್ತಾರೆ. ಅವನ್ನು ಕೇಳುತ್ತಾರೆಯೇ? ಕೇಳಲು ಪುರುಸೊತ್ತೆಲ್ಲಿ, ಮುಂದಿನ ವಾರಕ್ಕೆ ತಮ್ಮ ಪಟ್ಟಿ ಸಿದ್ಧ ಮಾಡಬೇಡವೇ? ಆದರೆ ಕೇಳಲಿಲ್ಲ ಎನ್ನುವುದು ಮರ್ಯಾದೆಯಲ್ಲ. ಅದಕ್ಕೊಂದು ಸರ್ವರೋಗ ನಿವಾರಕ ಉತ್ತರವಿದೆ: ‘ಟೋನ್ ಸಕತ್ತಾಗಿದೆ ಗುರು.’ ಯಾವ ದೇಶದ, ಯಾವ ಕಾಲದ ಆಲ್ಬಮ್ಮಿಗೂ ಇದು ಹೊಂದುತ್ತದೆ.

ಪಳಗಿದ ಬೇಸಣ್ಣನೊಬ್ಬ ಇದಕ್ಕೊಂದು ಬಲೆ ಹೆಣೆದ. ಎಳೆಯನೊಬ್ಬನಿಗೆ ಪ್ರಿನ್ಸ್‌ನ ‘ವೆನ್ ಡವ್ಸ್ ಕ್ರೈ’ ಕೇಳಲು ಹೇಳಿ, ಬೇಸ್ ಕಡೆ ವಿಶೇಷ ಗಮನವಿರಲಿ ಎಂದು ಒತ್ತಿ ಹೇಳಿದ. 1984ರಲ್ಲಿ ಅಮೆರಿಕದ ಪಟ್ಟಿಯ ತುದಿಯಲ್ಲಿ ಐದು ವಾರ ಕೂತಿದ್ದ ಈ ಹಾಡಿನಲ್ಲಿ ಬೇಸೇ ಇಲ್ಲ. ಪ್ರಿನ್ಸ್ ತಾನೇ ನುಡಿಸಿದ್ದ ಬೇಸನ್ನು ಕೊನೆ ಗಳಿಗೆಯಲ್ಲಿ ತಾನೇ ತೆಗೆದುಹಾಕಿದ. ಮುಂದಿನ ಶನಿವಾರ ಜ್ಯಾಮ್ ಪ್ಯಾಡಿನ ಬಾಗಿಲಲ್ಲೇ ಎಳೆಯ ಸಿಕ್ಕ.

‘ಕೇಳ್ದಾ?’

‘ಕೇಳ್ದೆ ಗುರು. ಬೇಸ್ ಟೋನ್ ಸಕತ್ತಾಗಿದೆ.’

‘ಅದ್ರಲ್ಲಿ ಬೇಸೇ ಇಲ್ವಲ್ಲೋ!’

ಎಳೆಯ ರೆಪ್ಪೆ ಬಡಿಯಲಿಲ್ಲ. ‘ಅದೇ ಗುರು ನಾನ್ ಹೇಳ್ತಿರೋದು. ಎಷ್ಟು ಸ್ಪೇಸ್ ಬಿಟ್ಟಿದಾನೆ ನೋಡು.’