ಕಡಲ ಮೇಲಿನ ಸಾಲಾವಳಿ

ವಿಲಾಸಿ ಕ್ರೂಸ್ ಹಡಗುಗಳ ದುಬಾರಿ ಭೋಜನಶಾಲೆಯಲ್ಲಿ ದಿನಾ ರಾತ್ರಿ ಆರೇಳು ಮದುವೆ ನಡೆಯುತ್ತವೆ. ಸಿಗಡಿಗೊಂದು ಬಿಳಿ ವೈನ್, ಕುರಿಮಾಂಸಕ್ಕೊಂದು ಕೆಂಪು ವೈನ್, ಕೊನೆಯ ಸಿಹಿತಿಂಡಿಗೆ ಅದಕ್ಕಿಂತ ಸಿಹಿಯಾದ ಇನ್ನೊಂದು. ಈ ಸಂಬಂಧಗಳನ್ನು ಕುದುರಿಸುವ ಪುರೋಹಿತನಿಗೆ ಸೊಮೆಲಿಯೇ ಎಂದು ಹೆಸರು. ಆತ ದ್ರಾಕ್ಷಿಯ ಕುಲಗೋತ್ರ, ಹುಟ್ಟಿದ ಸಂವತ್ಸರ, ಬೆಳೆದ ಗುಡ್ಡ ಯಾವ ದಿಕ್ಕಿಗೆ ಮುಖ ಮಾಡಿತ್ತು ಎಂಬುದನ್ನೆಲ್ಲ ಒಪ್ಪಿಸಿ, ಸಾಲಾವಳಿ ಕೂಡಿಬಂದಿದೆ ಎಂದು ಸಾರಿ, ಲೋಟದ ತಳ ಒದ್ದೆಯಾಗುವಷ್ಟು ಸುರಿದು ಹಿಂದೆ ಸರಿಯುತ್ತಾನೆ. ಇದೇ ವೈನ್ ಪೇರಿಂಗ್. ನನ್ನ ತಕರಾರು ಈ ಮದುವೆಗಳ ಬಗ್ಗೆ ಅಲ್ಲ, ಚಪ್ಪರದ ಜಾಗ ಕೊಟ್ಟವನನ್ನೇ ಕರೆಯದೆ ಬಿಟ್ಟದ್ದರ ಬಗ್ಗೆ. ಹಡಗಿನ ಭೋಜನದ ಚರಿತ್ರೆಯೆಂದರೆ, ಉಣ್ಣುವವರಿಗೆ ತಾವು ಕೂತಿರುವುದು ಸಮುದ್ರದ ಮೇಲೆ ಎಂಬುದನ್ನು ಮರೆಸುತ್ತಾ ಬಂದ ಚರಿತ್ರೆ. ಆ ಮರೆವಿನ ಕೊನೆಯ ಗುಟುಕು ಈ ವೈನು.

ಮರೆಸುವುದಕ್ಕೆ ಕಾರಣವೂ ಇತ್ತು ಅನ್ನಿ. 1840ರಲ್ಲಿ ಕ್ಯುನಾರ್ಡ್ ಕಂಪನಿಯ ಬ್ರಿಟಾನಿಯಾ ಅಟ್ಲಾಂಟಿಕ್ ದಾಟಲು ಹೊರಟಾಗ ಹಾಲಿಗೆಂದು ಹಡಗಿನಲ್ಲೇ ಹಸು ಕಟ್ಟಿದ್ದರು. 1842ರ ಜನವರಿಯಲ್ಲಿ ಅದೇ ಹಡಗು ಹತ್ತಿದ ಚಾರ್ಲ್ಸ್ ಡಿಕನ್ಸ್ ಚಳಿಗಾಲದ ಅಲೆಗಳ ಕೈಗೆ ಸಿಕ್ಕು ಹಾಸಿಗೆ ಹಿಡಿದ. ಆ ಪಾಡನ್ನೆಲ್ಲ ಆಮೇಲೆ ಪುಸ್ತಕದಲ್ಲಿ ಬರೆದು ಸಮುದ್ರದ ಮೇಲೆ ಸೇಡು ತೀರಿಸಿಕೊಂಡ. ಒಳಗಿದ್ದದ್ದೇ ಹೊರಬರುತ್ತಿರುವಾಗ ಯಾವ ಮೀನಿಗೆ ಯಾವ ವೈನ್ ಎಂಬ ಪ್ರಶ್ನೆ ಏಳುವುದಿಲ್ಲ. ಮುಂದೆ ಊಟದ ಮೇಜಿನ ಅಂಚಿಗೆ ಪುಟ್ಟ ಕಟ್ಟೆ ಬಂತು. ಗಾಳಿ ಜೋರಾದರೆ ತಟ್ಟೆ ಜಾರದಂತೆ ಮೇಜುಬಟ್ಟೆಗೆ ನೀರು ಚಿಮುಕಿಸುವ ಉಪಾಯ ಬಂತು. ಅಷ್ಟರಿಂದ ತೃಪ್ತಿಯಾಗದೆ 1905ರಲ್ಲಿ ಜರ್ಮನಿಯ ಅಮೇರಿಕಾ ಎಂಬ ಹಡಗಿನಲ್ಲಿ ರಿಟ್ಸ್-ಕಾರ್ಲ್‌ಟನ್ ಹೆಸರಿನ ರೆಸ್ಟೋರೆಂಟನ್ನೇ ತೆರೆದರು. ಅಲ್ಲಿಯವರೆಗೆ ನೆಲದ ಜನ ಹಡಗು ಹತ್ತುತ್ತಿದ್ದರು. ಆಮೇಲೆ ನೆಲವೇ ಹತ್ತಿ ಕೂತಿತು. 1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್‌ನ ಮೊದಲ ದರ್ಜೆಯವರು ಸಿಂಪಿ, ಸಾಲ್ಮನ್, ಕುರಿ, ಬಾತುಕೋಳಿ ಎಂದು ಸುತ್ತಿನ ಮೇಲೆ ಸುತ್ತು ಉಂಡು, ಚಾರ್ಟ್ರೂಸ್ ಜೆಲ್ಲಿಯಲ್ಲಿ ಅದ್ದಿದ ಪೀಚ್ ಹಣ್ಣಿನವರೆಗೆ ಬಂದಿದ್ದರು. ಆ ಪಟ್ಟಿಯನ್ನು ಎಷ್ಟು ಸಲ ಓದಿದರೂ ಅದು ಉತ್ತರ ಅಟ್ಲಾಂಟಿಕ್‌ನ ನಡುವೆ ಬಡಿಸಿದ ಊಟ ಎಂಬ ಸುಳಿವು ಸಿಗುವುದಿಲ್ಲ. ಈ ಕಲೆಯ ಶಿಖರ 1935ರ ಫ್ರೆಂಚ್ ಹಡಗು ನಾರ್ಮಂಡಿ. ಅದರ ಮೊದಲ ದರ್ಜೆಯ ಊಟದ ಸಾಲೆಯ ಉದ್ದ ಸುಮಾರು 93 ಮೀಟರ್; ವರ್ಸೇಲ್ಸ್ ಅರಮನೆಯ ಕನ್ನಡಿ ಸಾಲೆಗಿಂತ ಉದ್ದ. ಲಾಲಿಕ್ ಗಾಜಿನ ದೀಪಸ್ತಂಭಗಳು ಅಲ್ಲಿ ಝಗಝಗಿಸುತ್ತಿದ್ದವು, ಏಕೆಂದರೆ ಹಗಲಿನ ಬೆಳಕು ಒಳಗೆ ಬರುವಂತೆಯೇ ಇರಲಿಲ್ಲ. ಜಗತ್ತಿನ ಅತಿ ದೊಡ್ಡ ಹಡಗುಗಳಲ್ಲೊಂದು, ಊಟಕ್ಕೆ ಕೂತರೆ ಸಮುದ್ರವೇ ಕಾಣದು!

ಇಂದಿನ ಹಡಗುಗಳಲ್ಲಿ ಗೋಡೆಯಷ್ಟಗಲ ಕಿಟಕಿಗಳಿವೆಯಲ್ಲ ಎಂದು ಕೇಳಬಹುದು. ಇವೆ. ಆದರೆ ಭರ್ಜರಿ ಭೋಜನ ನಡೆಯುವುದು ರಾತ್ರಿ. ಒಳಗೆ ದೀಪ, ಹೊರಗೆ ಕತ್ತಲು ಇದ್ದಾಗ ಕಿಟಕಿ ಕನ್ನಡಿಯಾಗುತ್ತದೆ. ಸಮುದ್ರ ನೋಡಲು ತಿರುಗಿದವರಿಗೆ ಕಾಣುವುದು ಕೋಟು ತೊಟ್ಟ ತಾವೇ. ಹಡಗು ಓಲಾಡುವುದನ್ನು ತಗ್ಗಿಸಲು ನೀರಿನಡಿ ಮೀನಿನ ರೆಕ್ಕೆಯಂಥ ಸಲಕರಣೆ ಬೇರೆ. ಇನ್ನು ತಟ್ಟೆಯಲ್ಲಿರುವ ಮೀನು? ಅದು ಕೆಳಗಿನ ನೀರಿನಿಂದ ಬಂದದ್ದಲ್ಲ. ಪ್ರಯಾಣಿಕರ ಹಾಗೆಯೇ ಬಂದರಿನಲ್ಲಿ ಹಡಗು ಹತ್ತಿದ್ದು, ಇಳಿಯುವ ಭಾಗ್ಯ ಮಾತ್ರ ಇಲ್ಲ. ಸಮುದ್ರಯಾನಕ್ಕೂ ಮದ್ಯಕ್ಕೂ ಹಳೆಯ ನಂಟು ಎನ್ನುವವರು ಅಮೆರಿಕದ ಪಾನನಿಷೇಧದ ಕಾಲವನ್ನು, ಅಂದರೆ 1920ರಿಂದ 1933ರವರೆಗಿನ ವರ್ಷಗಳನ್ನು, ನೆನಪಿಸಿಕೊಳ್ಳಲಿ. ಎಲ್ಲಿಗೂ ಹೋಗದ ಹಡಗುಗಳು ಆಗ ಬಂದರಿನಿಂದ ಹೊರಟು, ಕಾನೂನಿನ ಗೆರೆ ದಾಟಿ, ಕುಡಿಸಿ, ತೂರಾಡುವವರನ್ನು ಮರಳಿ ತಂದು ಬಿಡುತ್ತಿದ್ದವು. ಆ ಪ್ರಯಾಣಿಕರಿಗೆ ಸಮುದ್ರವೆಂದರೆ ಪೊಲೀಸರಿಲ್ಲದ ಜಾಗ, ಅಷ್ಟೆ.

ವೈನ್ ಪೇರಿಂಗ್ ಎಂಬುದು ಶಾಸ್ತ್ರ, ಮರೆವಿನ ಮದ್ದಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಕೆಂಪು ವೈನಿನ ಟ್ಯಾನಿನ್ ಎಂಬ ಒಗರು ಕೊಬ್ಬಿದ ಮಾಂಸದ ಜೊತೆ ಮೆದುವಾಗುತ್ತದೆ. ಕೆಂಪು ವೈನಿನಲ್ಲಿರುವ ಕಬ್ಬಿಣದ ಅಂಶ ಮೀನಿನ ಹಸಿ ವಾಸನೆಯನ್ನು ಕೆರಳಿಸುತ್ತದೆ ಎಂದು 2009ರಲ್ಲಿ ಜಪಾನಿನ ಸಂಶೋಧಕರು ತೋರಿಸಿದ್ದಾರೆ. ಸರಿ, ಒಪ್ಪಿದೆ. ಆದರೆ ನಾಲಿಗೆಯೂ ಒಪ್ಪಬೇಕಲ್ಲ! 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ಶಾಸ್ತ್ರವನ್ನೇ ಓದುತ್ತಿದ್ದ 54 ಮಂದಿಗೆ ಬಿಳಿ ವೈನಿಗೆ ಕೆಂಪು ಬಣ್ಣ ಬೆರೆಸಿ ಕೊಟ್ಟರೆ, ಅವರು ಕೆಂಪು ವೈನನ್ನು ಹೊಗಳುವ ಮಾತುಗಳಲ್ಲೇ ಅದನ್ನು ಬಣ್ಣಿಸಿದರು. 2008ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಪ್ರಯೋಗದಲ್ಲಿ ಒಂದೇ ವೈನನ್ನು ಒಮ್ಮೆ 10 ಡಾಲರಿನದೆಂದೂ ಇನ್ನೊಮ್ಮೆ 90 ಡಾಲರಿನದೆಂದೂ ಹೇಳಿ ಕೊಟ್ಟಾಗ, 90ರದ್ದೇ ಹೆಚ್ಚು ರುಚಿಸಿತು. ಹಾಗಾದರೆ ವೈನಿನ ನಿಜವಾದ ಜೋಡಿ ಮೀನೂ ಅಲ್ಲ, ಮಾಂಸವೂ ಅಲ್ಲ, ಬಿಲ್ಲು. ಈ ಜೋಡಿಗೆ ಹಡಗಿನಷ್ಟು ಪ್ರಶಸ್ತವಾದ ಮುಹೂರ್ತ ಬೇರೆಲ್ಲೂ ಕೂಡಿಬರದು: ಎದ್ದು ಎದುರಿನ ಹೋಟೆಲಿಗೆ ಹೋಗುತ್ತೇನೆ ಎನ್ನಲು ಎದುರಿಗೆ ಹೋಟೆಲಿಲ್ಲ, ನಾಳೆ ಬೆಳಿಗ್ಗೆ ಆಫೀಸಿಲ್ಲ, ಕೈಯಲ್ಲಿ ನೋಟಿನ ಬದಲು ಎಲ್ಲವನ್ನೂ ಕೋಣೆಯ ಲೆಕ್ಕಕ್ಕೆ ಬರೆಯುವ ಕಾರ್ಡು.

ಇದೆಲ್ಲ ಎಟುಕದ ದ್ರಾಕ್ಷಿಯನ್ನು ಹುಳಿ ಎನ್ನುವವರ ಮಾತು ಎಂದು ಮೂಗು ಮುರಿಯುವವರಿದ್ದಾರೆ. ವೈನಿನ ಲೋಕದಲ್ಲಿ ದ್ರಾಕ್ಷಿ ಹುಳಿ ಎನ್ನುವುದು ಬೈಗುಳವಲ್ಲ, ಹೊಗಳಿಕೆ. ನರಿ ಅಲ್ಲಿ ಹುಟ್ಟಿದ್ದರೆ ಒಳ್ಳೆಯ ಸಂಬಳ ಪಡೆಯುತ್ತಿತ್ತು. ರಜೆಯೇ ಮರೆಯುವುದಕ್ಕಲ್ಲವೇ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಆಫೀಸು, ಸಾಲ, ಸಂಬಂಧಿಕರನ್ನು ಮರೆಯಲಿ, ಬೇಡವೆಂದವರಾರು? ಯಾವುದನ್ನು ನೋಡಲು ಟಿಕೆಟ್ ಕೊಂಡರೋ ಅದನ್ನೇ ಮರೆಯಲು ಇನ್ನಷ್ಟು ದುಡ್ಡು ಕೊಡುವುದು ಮಾತ್ರ ನನಗೆ ಲೆಕ್ಕಕ್ಕೆ ಸಿಗುವುದಿಲ್ಲ.

ಸಮುದ್ರದ ಕೈಹಿಡಿದ ವೈನ್ ಒಂದಿತ್ತು. ಪೋರ್ಚುಗಲ್ಲಿಗೆ ಸೇರಿದ ಮದೀರಾ ದ್ವೀಪದ ಪೀಪಾಯಿಗಳು ಹಡಗಿನ ತಳದಲ್ಲಿ ಕೂತು ಉಷ್ಣವಲಯ ದಾಟಿ ಇಂಡಿಯಾದವರೆಗೂ ಬರುತ್ತಿದ್ದವು. ಸೆಕೆಗೆ ಬೆಂದು, ಅಲೆಗೆ ಕುಲುಕಿ, ಬೇರೆ ವೈನ್ ಆಗಿದ್ದರೆ ಕೆಟ್ಟೇಹೋಗುವಷ್ಟು ಪಾಡು ಪಟ್ಟು, ಮಾರಾಟವಾಗದೆ ಊರಿಗೆ ಮರಳಿದ ಪೀಪಾಯಿಯನ್ನು ತೆರೆದರೆ ವೈನು ಹೊರಟಾಗಿನದಕ್ಕಿಂತ ರುಚಿಯಾಗಿತ್ತು. ಡಿಕನ್ಸನನ್ನು ಮಲಗಿಸಿದಂಥ ಓಲಾಟವೇ ಇದನ್ನು ಎಬ್ಬಿಸಿ ಕೂರಿಸಿತ್ತು. ಹೋಗಿಬಂದ ವೈನ್ ಎಂದೇ ಹೆಸರಿಟ್ಟು ಅದನ್ನು ಹೆಚ್ಚಿನ ಬೆಲೆಗೆ ಮಾರಿದರು. ಈಗ ಆ ಯಾತ್ರೆ ನಿಂತಿದೆ. ಮದೀರಾದ ಬಹುಪಾಲು ವೈನನ್ನು ಇಂದು ದೊಡ್ಡ ತೊಟ್ಟಿಗಳಲ್ಲಿ ಸುಮಾರು 45 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕನಿಷ್ಠ ಮೂರು ತಿಂಗಳು ಬೆಚ್ಚಗಿಟ್ಟು, ಹಡಗಿನ ಸೆಕೆಯಲ್ಲಿದ್ದೇನೆ ಎಂದು ಅದನ್ನು ನಂಬಿಸುತ್ತಾರೆ. ನೆಲದ ಮೇಲೆ ವೈನು ಸಮುದ್ರದಲ್ಲಿದ್ದೇನೆಂದು ತಿಳಿದು ಕೂತಿದೆ, ಸಮುದ್ರದ ಮೇಲೆ ಪ್ರಯಾಣಿಕ ನೆಲದಲ್ಲಿದ್ದೇನೆಂದು ತಿಳಿದು ಕೂತಿದ್ದಾನೆ. ಸಿಹಿತಿಂಡಿಯ ಸುತ್ತಿನಲ್ಲಿ ಇಬ್ಬರೂ ಒಂದೇ ಮೇಜಿನಲ್ಲಿ ಭೇಟಿಯಾಗುತ್ತಾರೆ. ಅಂದು ರಾತ್ರಿಯ ಸಾಲಾವಳಿಗಳಲ್ಲಿ ಅದೊಂದು ಮಾತ್ರ ಮೂವತ್ತಾರಕ್ಕೆ ಮೂವತ್ತಾರು ಗುಣ ಕೂಡಿಬಂದದ್ದು.